ಹೊಳೆಯಾಚೆಯ ನಮ್ಮ ಜಗಲಿ ಮತ್ತು ತಮ್ಮ ಎರಡು ಕಿಲೋಮೀಟರು

ಗಂಗೊಳ್ಳಿಯಿಂದ ಬಂದು ಸದ್ಯ ಕುಂದಾಪುರದಲ್ಲಿ,
ನವೆಂಬರ್ 2009

ಇಂಗ್ಲಿಷ್ ಮಾಧ್ಯಮ ಶಾಲೆಯ ಸಂಚಾಲಕರೂ, ಅದರ ಸುತ್ತಮುತ್ತಲಿನ ಬಾಡಿಗೆ ಮನೆಗಳ ಧಣಿಗಳೂ ಆದ ಮಾನ್ಯರೇ,

ವಿದ್ಯೆಯನ್ನೂ ವಸತಿಯನ್ನೂ ಒಂದೇ ಕೈಯಿಂದ ದಯಪಾಲಿಸುತ್ತಿರುವ ತಮಗೆ, ತಮ್ಮ ಶಾಲೆಯ ನಾಲ್ಕನೇ ತರಗತಿಯ ದಿವ್ಯಾಳ ತಾಯಿಯೂ ತಮ್ಮ ಬಾಡಿಗೆದಾರಳೂ ಮೀನು ಮಾರುವವಳೂ ಆದ ಗಿರಿಜಾ ಮಾಡುವ ಸಾವಿರ ನಮಸ್ಕಾರಗಳು.

ಶಾಲೆಯಿಂದ ಎರಡು ಕಿಲೋಮೀಟರಿನೊಳಗೆ ವಾಸವಿರುವವರ ಮಕ್ಕಳಿಗೆ ಮಾತ್ರ ಪ್ರವೇಶ ಎಂಬ ತಮ್ಮ ನಿಯಮವನ್ನು ನಾನು ಮೊದಲು ತಪ್ಪು ತಿಳಿದಿದ್ದೆ. ಗಂಗೊಳ್ಳಿಯ ನಮ್ಮ ಅಂಗಳದಲ್ಲಿ ನಿಂತರೆ ಹೊಳೆಯಾಚೆ ತಮ್ಮ ಶಾಲೆಯ ಹೆಂಚಿನ ಮಾಡು ಕಾಣುತ್ತದೆ, ಕಡವಿನ ದೋಣಿ ಹತ್ತಿದರೆ ಬಾಯಲ್ಲಿ ಹಾಕಿಕೊಂಡ ವೀಳ್ಯ ಮುಗಿಯುವುದರೊಳಗೆ ಕುಂದಾಪುರ ಬರುತ್ತದೆ. ಆದರೆ ತಮ್ಮ ಕಚೇರಿಯವರು ತ್ರಾಸಿಯ ಮೇಲೆ ಸುತ್ತಿ ಬರುವ ಬಸ್ಸಿನ ದಾರಿಯನ್ನು ಅಳೆದು, ಗಂಗೊಳ್ಳಿ ಬಹಳ ದೂರದ ಊರು, ನೀರಿನ ದಾರಿ ದಾರಿಯೇ ಅಲ್ಲ ಎಂದು ದೋಣಿಯವರ ಹೆಂಡತಿಯಾದ ನನಗೆ ಭೂಗೋಳ ಕಲಿಸಿದರು. ಅರ್ಜಿ ಕೊಡುವ ಅದೇ ಕಿಟಕಿಯಲ್ಲಿ ತಮ್ಮ ಬಾಡಿಗೆ ಮನೆಯ ಬೀಗದ ಕೈಯನ್ನೂ ತೋರಿಸಿದ್ದು ತಮ್ಮ ದೊಡ್ಡ ಗುಣ. ಮಳೆಗಾಲಕ್ಕೆ ಮೀನುಗಾರಿಕೆ ನಿಂತು, ದೋಣಿಗಳೆಲ್ಲ ದಡ ಸೇರಿ ನಮ್ಮ ಒಲೆ ತಣ್ಣಗಾಗುವ ಜೂನ್ ತಿಂಗಳಲ್ಲೇ ಶುಲ್ಕವನ್ನೂ ಮುಂಗಡವನ್ನೂ ಒಟ್ಟಿಗೆ ಕೇಳಿದ್ದಂತೂ, ಉಪವಾಸದಿಂದ ಬುದ್ಧಿ ಚುರುಕಾಗಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಇರಬೇಕು.

ಆ ಬಾಡಿಗೆ ಹೊಂದಿಸಲಿಕ್ಕೆಂದು ನಾವು ಗಂಗೊಳ್ಳಿಯ ನಮ್ಮ ಮನೆಯ ಹಿಂದಿನ ಕೋಣೆಯನ್ನು ಅತ್ತೆ ಬಾಗಿಯವರಿಗೆ ಬಿಟ್ಟು, ಮುಂದಿನ ಭಾಗವನ್ನು ಹಾಲಾಡಿ ಕಡೆಯ ಹೆಣ್ಣುಮಗಳೊಬ್ಬಳಿಗೆ ಬಾಡಿಗೆಗೆ ಕೊಟ್ಟೆವು. ಬಂದವಳು ಯಾರೆಂದು ಶಾಲೆ ಶುರುವಾದ ಮೇಲೆ ಗೊತ್ತಾಯಿತು. ದಿವ್ಯಾಳ ತರಗತಿಯ ಶ್ರೀಲತಾ ಟೀಚರ್! ತಾವು ಕೊಡುವ ಸಂಬಳದಲ್ಲಿ ತಮ್ಮ ಬಾಡಿಗೆ ಮನೆ ಹಿಡಿಯಲಾಗದೆ, ಪಾಪ, ಆಕೆ ಹೊಳೆ ದಾಟಿದ್ದರು. ದಿನಾ ಬೆಳಿಗ್ಗೆ ಅದೇ ಕಡವಿನ ದೋಣಿಯಲ್ಲಿ ಬಂದು ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿರುತ್ತಾರೆ. ಮಕ್ಕಳನ್ನು ಮುಳುಗಿಸುವ ನೀರು ಟೀಚರನ್ನು ತೇಲಿಸುವುದು ಹೇಗೆಂದು ತಾವೇ ಒಮ್ಮೆ ಪಾಠ ಮಾಡಬೇಕು.

ಸಂಜೆ ನಮ್ಮ ಜಗಲಿಯಲ್ಲಿ ಕೇರಿಯ ಮಕ್ಕಳನ್ನು ಕೂರಿಸಿಕೊಂಡು, ಬಿಡಿಗಾಸೂ ಮುಟ್ಟದೆ, ಕನ್ನಡದಲ್ಲಿ ಬಿಡಿಸಿ ಹೇಳಿ ಇಂಗ್ಲಿಷ್ ಕಲಿಸುತ್ತಾರೆ. ಸರಕಾರಿ ಶಾಲೆಗೆ ಹೋಗುವ ಆ ಮಕ್ಕಳು ಈಗ ಇಂಗ್ಲಿಷ್ ಪುಸ್ತಕ ತಡವರಿಸದೆ ಓದುತ್ತಾರೆ. ತಮ್ಮ ಶಾಲೆಯ ನನ್ನ ಮಗಳೋ, ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಯಾಕೆ ಸುಮ್ಮನೆ ಕೂರುತ್ತೀ ಎಂದರೆ, "ಅಮ್ಮ, ಕನ್ನಡದಗೆ ಕೇಂಬುಕಾಗ, ಇಂಗ್ಲೀಷಗೆ ಕೇಂಬುಕ್ ಬತ್ತಿಲ್ಲ" ಎಂದು ಕಣ್ಣು ತುಂಬಿಕೊಳ್ಳುತ್ತಾಳೆ. ಕನ್ನಡ ಆಡಿದರೆ ದಂಡ ಹಾಕುವ ತಮ್ಮ ಪದ್ಧತಿಯಿಂದ ಮನೆ ತುಂಬ ಮಾತಾಡುತ್ತಿದ್ದ ಹುಡುಗಿ ಮೂಕಿಯಾಗಿದ್ದಾಳೆ. ಮಾನ್ಯರೇ, ಇದನ್ನು ಮರ್ಯಾದೆಯ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ನಮ್ಮ ಅತ್ತೆಯವರಂತೂ ಸಂತೆಗೆ ಬಂದಾಗಲೆಲ್ಲ, "ನಿಮ್ ಶಾಲಿ ಟೀಚರ್ ನಮ್ ಜಗ್ಲಿ ಮೇಲ್ ಕೂಕಂಡ್ ಪಾಠ ಹೇಳ್ತ್ರ್, ನೀವ್ ದುಡ್ ಕೊಟ್ಟ್ ಇಲ್ ಎಂತ ಮಾಡ್ತ್ರಿ?" ಎಂದು ಕೇಳುತ್ತಾರೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರು ನಾವು.

ಇಷ್ಟಾದರೂ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಆದರೆ ಕಳೆದ ವಾರ ತಾವು ಶ್ರೀಲತಾ ಟೀಚರಿಗೆ, ಜಗಲಿಯ ಪಾಠ ನಿಲ್ಲಿಸಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದು ನೋಟೀಸು ಕೊಟ್ಟಿರೆಂದು ತಿಳಿದು ಈ ಪತ್ರ ಬರೆಯಬೇಕಾಯಿತು. ಶಾಲೆಯ ಹೆಸರು ಹಾಳಾಗುತ್ತದಂತೆ! ಪುಕ್ಕಟೆ ಸಿಕ್ಕಿದರೆ ವಿದ್ಯೆಗೆ ಬೆಲೆ ಉಳಿಯುವುದಿಲ್ಲ, ಬಾಡಿಗೆ ಮನೆಗಂತೂ ಉಳಿಯುವುದೇ ಇಲ್ಲ ಎಂಬ ತಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದ್ದರಿಂದ ತಾವು ದಯವಿಟ್ಟು ಹೊಳೆಯನ್ನು ಇನ್ನಷ್ಟು ಅಗಲ ಮಾಡಿಸಬೇಕು, ಗಾಳಿ ಆ ದಡದ ಪಾಠವನ್ನು ಈ ದಡಕ್ಕೆ ತರದಂತೆ ಅದಕ್ಕೂ ಒಂದು ನೋಟೀಸು ಕಳಿಸಬೇಕು.

ನಾವು ಮುಂದಿನ ತಿಂಗಳು ಮನೆ ಖಾಲಿ ಮಾಡುತ್ತೇವೆ. ದಿವ್ಯಾ ಊರಿನ ಸರಕಾರಿ ಶಾಲೆಗೆ ಸೇರುತ್ತಾಳೆ. ತಾವು ಟೀಚರನ್ನು ಕೆಲಸದಿಂದ ತೆಗೆದರೂ ಮನೆಯಿಂದ ತೆಗೆಯಲಾಗದು. ನಾವು ಹಿಂದಿನ ಕೋಣೆಯಲ್ಲಿ ಅತ್ತೆಯವರ ಜೊತೆ ಒತ್ತಿಕೊಂಡು ಇರುತ್ತೇವೆ. ಬಾಡಿಗೆ ಬೇಡವೆಂದು ಟೀಚರಿಗೆ ಹೇಳಿದ್ದಾಗಿದೆ.

ತಮ್ಮ ವಿಶ್ವಾಸಿ,
ಇನ್ನು ಮುಂದೆ ತಮ್ಮ ಬಾಡಿಗೆದಾರಳಲ್ಲದ,
ಗಿರಿಜಾ

ಮರೆತ ಮಾತು: ನಿನ್ನೆ ಸಂಜೆ ನಾನು ಅತ್ತೆಯವರನ್ನು ನೋಡಲು ಗಂಗೊಳ್ಳಿಗೆ ಹೋಗಿದ್ದಾಗ, ತಮ್ಮ ಹಿರಿಯ ಸೊಸೆಯವರು ತಲೆಯ ಮೇಲೆ ಸೆರಗು ಎಳೆದುಕೊಂಡು ಕಡವಿನ ದೋಣಿಯಿಂದ ಇಳಿದರು. ಜೊತೆಯಲ್ಲಿ ತಮ್ಮ ಮೊಮ್ಮಗಳು ಅನಿಷಾ ಇದ್ದಳು. ಮಗು ಕತ್ತಲಾಗುವವರೆಗೆ ನಮ್ಮ ಜಗಲಿಯಲ್ಲಿ ಕೂತು ಕೈಯೆತ್ತಿ ಕೈಯೆತ್ತಿ ಪ್ರಶ್ನೆ ಕೇಳಿತು, ಎಲ್ಲ ಕನ್ನಡದಲ್ಲಿ. ತಾಯಿ ಹೊರಡುವಾಗ ನನ್ನನ್ನು ಮೆಲ್ಲಗೆ ಕರೆದು, "ಮಾವಯ್ಯಂಗೆ ಹೇಳ್ಬೇಡಿ, ದಿನಾ ಕರ್ಕಂಬತ್ತೆ" ಎಂದರು. ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಬರೆಯುವುದಿಲ್ಲವೆಂದು ಕೊಟ್ಟಿಲ್ಲ. ಇನ್ನು ಆ ನೋಟೀಸನ್ನು ಏನು ಮಾಡುವುದೆಂದು ತಾವು ಮೊಮ್ಮಗಳನ್ನೇ ಕೇಳಿ ತೀರ್ಮಾನಿಸಬೇಕು.