ಮಾಮನ ಅಸಮಾನತೆ

ನಮ್ಮ ಮಾಮನ ಮನೆಯಲ್ಲಿ ಹುರಿದ ಅಂಜಲ್ ಮೀನು ತಿನ್ನಬೇಕಾದರೆ ಕಡಿಮೆಯೆಂದರೂ ಎಂಟನೇ ತರಗತಿಯ ಗಣಿತ ಪಾಸಾಗಿರಬೇಕು! ಉತ್ಪ್ರೇಕ್ಷೆ ಎಂದುಕೊಂಡಿರಾ? ಬಂಟ್ವಾಳಕ್ಕೆ ಬಂದು ನೋಡಿ. ಮಾಮಿ ಮೀನಿನ ಬಸಿಯನ್ನು ಮೇಜಿನ ಮೇಲಿಟ್ಟ ಕೂಡಲೇ ಮಾಮ ಕನ್ನಡಕ ಏರಿಸಿ ತುಂಡುಗಳನ್ನು ಪರಿಶೀಲಿಸುತ್ತಾರೆ. "ಈ ತುಂಡು ಅದಕ್ಕಿಂತ ದೊಡ್ಡದು. ಅದು ಆಚೆಯದ್ದಕ್ಕಿಂತ ದೊಡ್ಡದು. ಹಾಗಾದರೆ ಇದಕ್ಕೂ ಆಚೆಯದ್ದಕ್ಕೂ ಎಂತ ಸಂಬಂಧ? ನೀನು ಹೇಳು." ನೀನು ಎಂದರೆ ಹಸಿದು ಕೂತಿರುವ ಅತಿಥಿ. ಉತ್ತರ ಸರಿಯಾದರೆ ನಡುವಿನ ತುಂಡು, ತಪ್ಪಾದರೆ ಬಾಲ. ನನ್ನ ಗಂಡ ಮದುವೆಯ ಹೊಸತರಲ್ಲಿ ಮೂರು ಸಲ ಬಾಲ ತಿಂದು, ನಾಲ್ಕನೆಯ ಸಲ "ನಾನು ಮೀನು ಬಿಟ್ಟಿದ್ದೇನೆ" ಎಂದು ಘೋಷಿಸಿಬಿಟ್ಟರು. ಸೌದಿಯ ದಮಾಮಿನಲ್ಲಿ ಹತ್ತು ವರ್ಷ ಇಂಜಿನಿಯರ್ ಆಗಿದ್ದವರು, ಪಾಪ!

ಮಾಮ ನನ್ನ ಉಮ್ಮನ, ಎಂದರೆ ಅಮ್ಮನ, ಅಣ್ಣ. ಮಡಂತ್ಯಾರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಗಣಿತದಲ್ಲೂ ಅವರಿಗೆ ಪ್ರಾಣವೆಂದರೆ ಅಸಮಾನತೆಯ ಪಾಠ. "ಸಮೀಕರಣ ಯಾರು ಬೇಕಾದರೂ ಮಾಡ್ತಾರೆ. ಈ ಕಡೆ ಎಷ್ಟೋ ಆ ಕಡೆ ಅಷ್ಟೇ. ಅಂಗಡಿಯ ತಕ್ಕಡಿ ಅದು! ಅಸಮಾನತೆಗೆ ತಲೆ ಬೇಕು ಮಾರಾಯ್ತಿ" ಎನ್ನುತ್ತಾರೆ. ದೊಡ್ಡದು, ಚಿಕ್ಕದು ಎಂದು ತೋರಿಸುವ ಆ ಚೂಪು ಚಿಹ್ನೆಗೆ ಅವರ ಕ್ಲಾಸಿನಲ್ಲಿ ಅಡಿಕೆ ಕತ್ತರಿ ಎಂದು ಹೆಸರು. ಕತ್ತರಿಯ ಬಾಯಿ ಯಾವಾಗಲೂ ದೊಡ್ಡ ಅಡಿಕೆಯ ಕಡೆಗೆ. ಆ ಸುತ್ತಿನ ಊರುಗಳಲ್ಲಿ ಇವತ್ತಿಗೂ ಐವತ್ತು ದಾಟಿದ ಗಂಡಸರು ಆ ಚಿಹ್ನೆಯನ್ನು ಕಂಡರೆ ಜೇಬಿನಲ್ಲಿ ವೀಳ್ಯದೆಲೆ ಹುಡುಕುತ್ತಾರಂತೆ. ಇದನ್ನು ಮಾತ್ರ ನಾನು ಸ್ವಲ್ಪ ದೊಡ್ಡದು ಮಾಡಿ ಹೇಳಿದ್ದು.

ಒಮ್ಮೆ ಮಾಮ ಮೂಡುಬಿದಿರೆಗೆ ಹೊರಟು ಬಂಟ್ವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಬೆಳ್ತಂಗಡಿ ಬಸ್ಸಿನ ಕಂಡಕ್ಟರ್, ಮಾಮನ ಹಳೆಯ ವಿದ್ಯಾರ್ಥಿ, ಬಾಗಿಲಲ್ಲಿ ನೇತಾಡುತ್ತಾ ಕರೆದ. "ಮಾಷ್ಟ್ರೇ, ಸಿದ್ಧಕಟ್ಟೆ ಮೇಲೆ ನೇರ ಹೋಗುವ ಬಸ್ ಇವತ್ತು ಕೆಟ್ಟಿದೆ. ನಮ್ಮದರಲ್ಲಿ ಬೆಳ್ತಂಗಡಿಗೆ ಹೋಗಿ ಅಲ್ಲಿಂದ ಮೂಡುಬಿದಿರೆ ಬಸ್ ಹಿಡೀರಿ. ಬೇಗ ಆಗ್ತದೆ."

"ಎಂತದು ಬೇಗ? ಬಂಟ್ವಾಳ ಒಂದು, ಬೆಳ್ತಂಗಡಿ ಒಂದು, ಮೂಡುಬಿದಿರೆ ಒಂದು. ತ್ರಿಭುಜ ಆಯ್ತಲ್ಲ? ಎರಡು ಬಾಹುಗಳನ್ನು ಕೂಡಿಸಿದರೆ ಮೂರನೆಯದಕ್ಕಿಂತ ಯಾವಾಗಲೂ ಹೆಚ್ಚು! ನಿನಗೆ ನಾನು ಕಲಿಸಲಿಲ್ವಾ?"

ಕಂಡಕ್ಟರ್ ಕೈಮುಗಿದು ವಿಸಿಲ್ ಊದಿದ. ಮಾಮ ಬಿಸಿಲಿನಲ್ಲಿ ಸಿದ್ಧಾಂತದ ಮೇಲೆ ಗಟ್ಟಿಯಾಗಿ ನಿಂತರು. ಅದೇ ಬಸ್ಸು ಬೆಳ್ತಂಗಡಿಗೆ ಹೋಗಿ ವಾಪಸು ಬಂದಾಗಲೂ ನಿಂತೇ ಇದ್ದರು. ಹುಡುಗ ತಲೆ ಹೊರಗೆ ಹಾಕಿ ಬಹಳ ವಿನಯದಿಂದ ಕೇಳಿದನಂತೆ, "ಮಾಷ್ಟ್ರೇ, ನಿಮ್ಮ ಮೂರನೇ ಬಾಹು ಇನ್ನೂ ಬರ್ಲಿಲ್ವಾ?"

ಇಂಥ ಮಾಮನ ಕಿವಿಗೆ ನಮ್ಮ ವಿಚಾರಸಂಕಿರಣದ ಸುದ್ದಿ ಬೀಳಬಾರದಿತ್ತು. ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಪ್ರತಿ ವರ್ಷ ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತಾ ಕೂರುವವಳು. ಆ ವರ್ಷ ಒಂದು ದಿನದ ಸಂಕಿರಣದ ಹೊಣೆಯನ್ನು ಪ್ರಾಂಶುಪಾಲರು ನನ್ನ ತಲೆಗೆ ಕಟ್ಟಿದ್ದರು. ವಿಷಯ: ಬೇರೆ ಬೇರೆ ಶಾಸ್ತ್ರಗಳಲ್ಲಿ ಅಸಮಾನತೆ. ಎಡವಿದರೆ ಮುಂದಿನ ಜೂನಿನಲ್ಲಿ ಫೋನು ಬರುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಾತಿನ ನಡುವೆ ಮಾಮನಿಗೆ ಫೋನಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ.

"ಅಸಮಾನತೆಯಾ? ಕಡೆಗೂ ಕಾಲೇಜಿನವರಿಗೆ ಬುದ್ಧಿ ಬಂತು! ಯಾವುದು, ರೇಖಾತ್ಮಕವಾ? ವರ್ಗವಾ?"

"ವರ್ಗವೂ ಉಂಟು ಮಾಮ, ಲಿಂಗವೂ ಉಂಟು."

"ಲಿಂಗವಾ? ಅದು ಯಾವ ಸಿಲೆಬಸ್ಸು? ನಮ್ಮ ಕಾಲದಲ್ಲಿ ಇರ್ಲಿಲ್ಲ. ಇರಲಿ, ನಾನೇ ಬಂದು ನೋಡ್ತೇನೆ."

ಬಂದರು! ಒಂಬತ್ತೂವರೆಯ ಕಾರ್ಯಕ್ರಮಕ್ಕೆ ಎಂಟೂಮುಕ್ಕಾಲಿಗೇ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಮೊದಲನೇ ಸಾಲಿನ ನಡುವಿನ ಕುರ್ಚಿ ಹಿಡಿದಿದ್ದರು. ಸ್ವಾಗತ ಭಾಷಣ ಮಾಡುವಾಗ ನಾನು ಎರಡು ಸಲ ಸಾಲು ತಪ್ಪಿದ್ದು ಪ್ರಾಂಶುಪಾಲರನ್ನು ಕಂಡಲ್ಲ.

ಅರ್ಥಶಾಸ್ತ್ರದವರು ಬಂದು, ಅಸಮಾನತೆ ಎಂದರೆ ಕೆಲವರ ಜೇಬು ತುಂಬಿರುವುದು, ಹಲವರ ಜೇಬು ತೂತಾಗಿರುವುದು ಎಂದರು. ಕಾನೂನಿನವರು, ನಮ್ಮಲ್ಲಿ ಅಸಮಾನತೆ ಇಲ್ಲವೇ ಇಲ್ಲ, ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ ಎಂದರು. ವೈದ್ಯರೊಬ್ಬರು, ಆಸ್ಪತ್ರೆ ಹತ್ತಿರ ಇರುವವನ ಜ್ವರವೂ ದೂರ ಇರುವವನ ಜ್ವರವೂ ಒಂದೇ ಅಲ್ಲ ಎಂದರು. ಭೌತಶಾಸ್ತ್ರದವರು, ಆಕಾಶದ ಚಂದ್ರನೂ ಒಂದೇ ವೇಗದಲ್ಲಿ ಓಡುವುದಿಲ್ಲ, ಅದರ ಈ ಏರುಪೇರನ್ನು ಖಗೋಳದಲ್ಲಿ ಅಸಮಾನತೆ ಎಂದೇ ಕರೆಯುತ್ತಾರೆ ಎಂದರು. ಮಾಮ ತಲೆದೂಗಿದ್ದು ಚಂದ್ರನಿಗೆ ಮಾತ್ರ. ಉಳಿದವರಿಗೆಲ್ಲ "ಬಿಡಿಸುವ ಕ್ರಮ ಹೇಳ್ಲೇ ಇಲ್ಲ" ಎಂದು ಮೂರು ಸಾಲಿಗೆ ಕೇಳುವ ಹಾಗೆ ಗೊಣಗಿದರು.

ಚಹಾದ ಹೊತ್ತಿಗೆ ಅರ್ಥಶಾಸ್ತ್ರದವರನ್ನು ಮೂಲೆಗೆ ಒತ್ತಿ ನಿಲ್ಲಿಸಿದ್ದರು. "ಅಲ್ಲ ಸರ್, ನಿಮ್ಮ ಅಸಮಾನತೆಯನ್ನು ಬಿಡಿಸಿದರೆ ಉತ್ತರ ಎಂತ ಬರ್ತದೆ?"

"ಅದನ್ನು ಇಷ್ಟರವರೆಗೆ ಯಾರಿಗೂ ಬಿಡಿಸ್ಲಿಕ್ಕೆ ಆಗ್ಲಿಲ್ಲ ಸರ್" ಎಂದು ಅವರು ನಿಟ್ಟುಸಿರು ಬಿಟ್ಟರು.

"ಅಷ್ಟು ಕಷ್ಟದ್ದಾ? ಬೋರ್ಡಿನಲ್ಲಿ ಬರೀರಿ, ನೋಡುವ!"

ಮಧ್ಯಾಹ್ನದ ನಂತರ ಸಭಿಕರಿಗೆ ಮಾತಿನ ಅವಕಾಶ. ಮಾಮನ ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತು. ನಾನು ಕಾಣದವಳಂತೆ ಸೀಲಿಂಗ್ ಫ್ಯಾನು ನೋಡಿದೆ. ಪ್ರಾಂಶುಪಾಲರೇ ಮೈಕು ಕೊಡಿಸಿಬಿಟ್ಟರು. ನನ್ನ ಮುಂದಿನ ಜೂನು ಕಣ್ಣೆದುರೇ ಕರಗಿತು.

ಮಾಮ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಬೆಳಿಗ್ಗೆಯಿಂದ ಎಲ್ಲರೂ ಮುಖ್ಯವಾದದ್ದನ್ನೇ ಮರೆತಿದ್ದೀರಿ. ಅಸಮಾನತೆಯ ಎರಡೂ ಕಡೆಯನ್ನು ಋಣದಿಂದ ಗುಣಿಸಿ ನೋಡಿ. ಆ ಕ್ಷಣಕ್ಕೆ ಎಲ್ಲ ತಿರುಗಿ ಬೀಳ್ತದೆ! ದೊಡ್ಡದಾಗಿದ್ದದ್ದು ಚಿಕ್ಕದಾಗ್ತದೆ, ಚಿಕ್ಕದಾಗಿದ್ದದ್ದು ದೊಡ್ಡದಾಗ್ತದೆ! ಇಷ್ಟು ಗೊತ್ತಿಲ್ಲದೆ ಅಸಮಾನತೆಯ ಬಗ್ಗೆ ಮಾತಾಡಬಾರದು."

ಕೂಡಲೇ ಚಪ್ಪಾಳೆ! ಮಾಮ ಹೇಳಿದ್ದು ಸೊನ್ನೆಗಿಂತ ಕೆಳಗಿನ ಋಣ ಸಂಖ್ಯೆಯ ವಿಷಯ. ಸಭೆಗೆ ಕೇಳಿಸಿದ್ದು ಮನುಷ್ಯ ಮನುಷ್ಯನಿಗೆ ತೀರಿಸಬೇಕಾದ ಋಣ. ಕಾನೂನಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅರ್ಥಶಾಸ್ತ್ರದವರು ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡರು. ಪ್ರಾಂಶುಪಾಲರು ನನ್ನ ಕಿವಿಯ ಬಳಿ ಬಾಗಿ, "ನಿಮ್ಮ ಮಾವ ದೊಡ್ಡ ಚಿಂತಕರು ಮೇಡಂ, ಮೊದಲೇ ಹೇಳಬಾರದಿತ್ತಾ?" ಎಂದರು.

"ಎಂತ ಚಪ್ಪಾಳೆ?" ಮಾಮ ಸಿಟ್ಟಿನಿಂದ ನನ್ನತ್ತ ನೋಡಿದರು. "ನಾನು ಹೈಸ್ಕೂಲು ಪಾಠ ಹೇಳಿದ್ದು!"

ಕೊನೆಗೆ ನಮ್ಮ ದ್ವಿತೀಯ ಬಿ.ಎ.ಯ ಒಬ್ಬ ಹುಡುಗಿಯ ಸರದಿ. ತನ್ನ ಅಜ್ಜಿಯನ್ನು ಕೇಳಿ ಬರೆದ ನಾಲ್ಕು ಪುಟ ಓದಿದಳು. ಅಜ್ಜಿಯನ್ನು ಶಾಲೆ ಬಿಡಿಸಿದರಂತೆ, ಅವಳ ಅಣ್ಣ ಓದು ಮುಂದುವರಿಸಿದನಂತೆ. ಬೆಳಿಗ್ಗೆ ಅಣ್ಣನ ಪೆನ್ಸಿಲು ಚೂಪು ಮಾಡಿ ಕೊಡುವುದು ಅಜ್ಜಿಯ ಕೆಲಸವಾಗಿತ್ತಂತೆ. ಹುಡುಗಿ ಓದಿದ್ದು ತಡವರಿಸುತ್ತಾ, ತಲೆ ಎತ್ತದೆ. ಈಗ ಮಾಮ ಏನು ಕೊಕ್ಕೆ ಹಾಕುತ್ತಾರೋ ಎಂದು ನಾನು ಕಾಯುತ್ತಿದ್ದೆ. ಅವರು ಗೊಣಗಲಿಲ್ಲ. ಹುಡುಗಿ ಇಳಿದು ಹೋದ ಮೇಲೂ ಖಾಲಿ ವೇದಿಕೆಯನ್ನೇ ನೋಡುತ್ತಿದ್ದರು.

ಸಂಜೆ ಅವರನ್ನು ಬಂಟ್ವಾಳಕ್ಕೆ ಬಿಡಲು ಕಾರು ಹೊರಡಿಸಿದೆ.

"ಬಂಟ್ವಾಳ ಬೇಡ. ಲಾಯಿಲಕ್ಕೆ ಹೋಗುವ" ಎಂದರು. "ನಿನ್ನ ಉಮ್ಮನನ್ನು ನೋಡಬೇಕು."

ಆ ಹುಡುಗಿಯ ಅಜ್ಜಿ ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಎಂದು ದಾರಿಯಲ್ಲಿ ಎರಡು ಸಲ ಕೇಳಿದರು.

ಲಾಯಿಲದ ಮನೆಯ ಚಾವಡಿಯಲ್ಲಿ ಉಮ್ಮ ಹೊಲಿಗೆ ಮಿಷಿನ್ ಮುಂದೆ ಕೂತಿದ್ದಳು. (ಮಾಮ 'ಎಂದರು', ಉಮ್ಮ 'ಕೂತಿದ್ದಳು'. ವ್ಯಾಕರಣದಲ್ಲೂ ಉಂಟು ನೋಡಿ!) ನಲ್ವತ್ತು ವರ್ಷಗಳಿಂದ ಸುತ್ತಲಿನ ಹೆಂಗಸರ ರವಿಕೆ, ಮಕ್ಕಳ ಯೂನಿಫಾರ್ಮು ಎಲ್ಲ ಅವಳದೇ ಕೈಯಿಂದ. ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಅಣ್ಣನಿಗೆ ಕುರ್ಚಿ ತೋರಿಸಿದಳು. ಮಾಮ ಕೂರಲಿಲ್ಲ.

"ನಿನ್ನನ್ನು ಆರನೇ ಕ್ಲಾಸಿಗೆ ಶಾಲೆ ಬಿಡಿಸಿದರಲ್ಲ. ಆಗ ನಾನು ಒಂದು ಮಾತೂ ಹೇಳ್ಲಿಲ್ಲ."

ಉಮ್ಮ ಸೂಜಿಗಳನ್ನು ತೆಗೆದು ಬಟ್ಟೆಗೆ ಚುಚ್ಚಿದಳು. ಅಣ್ಣನನ್ನು ಅವಳು ಕರೆಯುವುದು ಕಾಕ ಎಂದು. "ಎಂತ ಕಾಕ ಇದ್ದಕ್ಕಿದ್ದ ಹಾಗೆ? ನೀವು ಆಗ ಎಂಟನೇ ಕ್ಲಾಸು. ನೀವು ಹೇಳಿದರೆ ಯಾರು ಕೇಳ್ತಿದ್ದರು?"

"ಕೇಳ್ತಿರ್ಲಿಲ್ಲ. ಆದರೆ ನಾನು ಹೇಳಬೇಕಿತ್ತು. ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಬರ್ತಿತ್ತು. ಅದು ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿದ್ದದ್ದು."

ಉಮ್ಮ ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ಕೂತಳು. ಮಾಮ ಅವಳೆದುರಿಗೆ ಸ್ಟೂಲು ಎಳೆದುಕೊಂಡರು. ಅಳತೆ ಬರೆಯುವ ಕಂದು ಕಾಗದ, ಪೆನ್ಸಿಲು ಅಲ್ಲೇ ಇದ್ದವು.

"ಒಂದು ಸಂಖ್ಯೆ ಉಂಟು. ಅದರ ಎರಡರಷ್ಟಕ್ಕೆ ಮೂರು ಕೂಡಿಸಿದರೆ ಹನ್ನೊಂದಕ್ಕಿಂತ ಕಡಿಮೆ ಬರ್ತದೆ. ಸಂಖ್ಯೆ ಯಾವುದು?"

"ಮೂರು" ಎಂದಳು ಉಮ್ಮ. ಮರುಕ್ಷಣವೇ, "ಎರಡೂ ಆಗ್ತದಲ್ಲ? ಒಂದೂ ಆಗ್ತದೆ. ನಾಲ್ಕಕ್ಕಿಂತ ಕೆಳಗಿನದ್ದು ಯಾವುದು ಬೇಕಾದರೂ ಆಗ್ತದೆ. ಇದಕ್ಕೆ ಒಂದೇ ಉತ್ತರ ಅಲ್ವಾ?"

"ಅಲ್ಲ. ಇದಕ್ಕೆ ಬೇಕಾದಷ್ಟು ಉಂಟು." ಮಾಮ ಕಾಗದದಲ್ಲಿ ನಾಲ್ಕರಿಂದ ಸೊನ್ನೆಯವರೆಗೆ ಒಂದರ ಕೆಳಗೊಂದು ಬರೆದರು.

ಉಮ್ಮ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡಳು. ನಾಲ್ಕು, ಮೂರು, ಎರಡು, ಒಂದು, ಸೊನ್ನೆ ಎಂದು ಬೆರಳು ಕೆಳಗೆ ಇಳಿಯಿತು. ಸೊನ್ನೆಯ ಕೆಳಗೆ ಖಾಲಿ ಜಾಗದಲ್ಲಿ ನಿಂತಿತು. "ಸೊನ್ನೆಯ ಕೆಳಗೆಯೂ ಸಂಖ್ಯೆ ಉಂಟಾ ಕಾಕ? ಇದ್ದರೆ ಅದೂ ಆಗಬೇಕಲ್ಲ."

ಮಾಮ ಪೆನ್ಸಿಲು ಕೆಳಗಿಟ್ಟರು.

"ಮೂವತ್ತನಾಲ್ಕು ವರ್ಷ ಕಲಿಸಿದ್ದೇನೆ" ಎಂದರು. ಕ್ಲಾಸಿನ ಆ ದೊಡ್ಡ ಸ್ವರ ಎಲ್ಲಿಗೋ ಹೋಗಿತ್ತು. "ನಾನು ಹೇಳುವ ಮೊದಲೇ ಇದನ್ನು ಕೇಳಿದ ಮಕ್ಕಳು ಇಬ್ಬರೇ. ನೀನು ಮೂರನೆಯವಳು." ಕನ್ನಡಕ ತೆಗೆದು, ಕೈಗೆ ಸಿಕ್ಕಿದ ಬಟ್ಟೆಯ ಚೂರಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಕೂಗಿದರು. ಪಕ್ಕದ ಮನೆಯವರು, ರವಿಕೆಗೆ ಬಂದವರು. ಜ್ವರ ಬಂದ ದಿನವೂ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದವಳಲ್ಲ ನಮ್ಮ ಉಮ್ಮ. ಆದರೆ ಆವತ್ತು ಕಾಗದದಿಂದ ಕಣ್ಣೆತ್ತದೆ, ಚಾವಡಿಯಿಂದಲೇ ಗಟ್ಟಿಯಾಗಿ ಹೇಳಿದಳು.

"ನಾಳೆ ಬನ್ನಿ ಅಕ್ಕ. ನನಗೆ ಈಗ ಕ್ಲಾಸುಂಟು."