ಬಚ್ಚಲುಮನೆಯ ಜೇನುದನಿ

"ಇನ್ನು ಮೇಲೆ ನನ್ನ ಕುರ್ಚಿಯಲ್ಲಿ ಒಂದು ಮಗುವೂ ಅಳಕೂಡದು! ಸೂಜಿ ಒಳಗೆ ಹೋದದ್ದು ಸೂಜಿಗೇ ಗೊತ್ತಾಗಬಾರದು!"

ಮಕ್ಕಳ ಹಲ್ಲಿನ ಡಾಕ್ಟರು ಹೀಗೆ ಪ್ರತಿಜ್ಞೆ ಮಾಡಿ ಮೇಜು ಕುಟ್ಟಿದಾಗ ಹೆಂಡತಿ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ರೈಲು ನಿಲ್ದಾಣದಲ್ಲಿ ಬರುವ ಹೋಗುವ ಗಾಡಿಗಳನ್ನು ಮೈಕಿನಲ್ಲಿ ಸಾರುವುದು ಅವಳ ಕೆಲಸ. ಎಂಥ ಸದ್ದಿಗೂ ಬೆಚ್ಚುವವಳಲ್ಲ.

"ಊರ ಮಕ್ಕಳ ಮಾತು ಆಮೇಲೆ," ಎಂದಳು, ಹೇರ್‌ಪಿನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ. "ಮನೇಲಿರೋ ಮಗು ನಿಮ್ಮೆದುರು ಬಾಯಿ ಬಿಟ್ಟು ಎಷ್ಟು ಕಾಲ ಆಯ್ತು, ಹೇಳಿ ನೋಡೋಣ?"

ಪ್ರತಿಜ್ಞೆಯ ಗಾಳಿ ಅಲ್ಲೇ ಸ್ವಲ್ಪ ಇಳಿಯಿತು.

ಏಳು ವರ್ಷದ ಮಗಳನ್ನು ಮನೆಯಲ್ಲಿ ಮೆಣಸು ಎಂದೇ ಕರೆಯುವುದು. ಗಾತ್ರವೂ ಅಷ್ಟೇ, ಖಾರವೂ ಅಷ್ಟೇ. ಹಿಂದೊಮ್ಮೆ ಅವಳ ಹುಳುಕು ಹಲ್ಲಿಗೆ ಡಾಕ್ಟರೇ ಜೋಮಿನ ಇಂಜೆಕ್ಷನ್ ಕೊಟ್ಟಿದ್ದರು. ಅವತ್ತಿನಿಂದ ಅಪ್ಪ ಹತ್ತಿರ ಬಂದರೆ ಸಾಕು, ಎರಡೂ ಅಂಗೈ ಬಾಯಿಗೆ ಬೀಗ ಹಾಕುತ್ತಿದ್ದವು. ನಗು ಬಂದರೆ ಅಂಗೈಯ ಹಿಂದೆ ನಗುವಳು. ಉಣ್ಣುವಾಗ ಗೋಡೆಗೆ ಮುಖ ಮಾಡುವಳು. ಊರ ಮಕ್ಕಳ ಬಾಯಿಗೆಲ್ಲ ದೀಪ ಹಿಡಿಯುವ ಮನುಷ್ಯನಿಗೆ ಸ್ವಂತ ಮಗಳ ಮುಂದಿನ ಹಲ್ಲು ಬಿದ್ದು ಹೊಸದು ಹುಟ್ಟಿದ್ದೇ ಗೊತ್ತಾಗಲಿಲ್ಲ! ಈಗ ಎಡಗಡೆಯ ಇನ್ನೊಂದು ದವಡೆ ಹಲ್ಲು ನೋಯತೊಡಗಿತ್ತು. ತಡಮಾಡಿದರೆ ಕೆನ್ನೆ ಊದುತ್ತದೆ. ಶನಿವಾರ ಕುರ್ಚಿಯಲ್ಲಿ ಕೂರಿಸಲೇಬೇಕು. ಕೂರಿಸಿ ಮತ್ತೆ ನೋಯಿಸಿದರೆ ಆ ಅಂಗೈಗಳು ಈ ಜನ್ಮದಲ್ಲಿ ಕೆಳಗಿಳಿಯುವುದಿಲ್ಲ. ಈ ಯೋಚನೆ ಬಂದಾಗಲೆಲ್ಲ ಡಾಕ್ಟರ ಎದೆಯೊಳಗೆ ಯಾರೋ ಡ್ರಿಲ್ಲು ಹಿಡಿದಂತಾಗುತ್ತಿತ್ತು.

ನೋವು ಕಡಿಮೆ ಮಾಡುವ ವಿದ್ಯೆ ಅವರಿಗೆ ಗೊತ್ತಿಲ್ಲದ್ದೇನಲ್ಲ. ಒಸಡು ಒರೆಸಿ, ಜೋಮಿನ ಜೆಲ್ ಹಚ್ಚಿ, ಕಾಯಬೇಕು. ಮದ್ದು ತಣ್ಣಗಿರದೆ ಮೈಯಷ್ಟೇ ಬೆಚ್ಚಗಿರಬೇಕು. ಅದನ್ನು ಹನಿಹನಿಯಾಗಿ ಬಿಡಬೇಕು. ಚುಚ್ಚುವಾಗ ಕೆನ್ನೆ ಅಲುಗಿಸುತ್ತಿದ್ದರೆ, ಸಂತೆಯಲ್ಲಿ ಪಿಸುಮಾತು ಕೇಳಿಸದ ಹಾಗೆ, ಮೆದುಳಿಗೆ ಸೂಜಿಯ ಮಾತು ಕೇಳಿಸುವುದಿಲ್ಲ. ಎಲ್ಲ ಸರಿಯೇ! ಆದರೆ ಹೊರಗೆ ಸಾಲು ಬೆಳೆಯುತ್ತಿರುವಾಗ ಕಾಯುವ ತಾಳ್ಮೆ ಯಾರಪ್ಪನ ಮನೆಯದು? ಜೆಲ್ ಹಚ್ಚಿದ ಕೈ ಕೆಳಗಿಳಿಯುವ ಮೊದಲೇ ಸೂಜಿ ಹಿಡಿದ ಕೈ ಮೇಲೇಳುತ್ತಿತ್ತು.

ಈ ಸಲ ಹಾಗಲ್ಲ. ಈ ಸಲ ದಂಡಯಾತ್ರೆ! ಹಳೆಯ ಸಾಮಾನಿನ ಅಂಗಡಿಯಿಂದ ಬಟ್ಟೆಯ ಮೊಲವೊಂದು ಬಂತು. ಗಾಜಿನ ಕಣ್ಣು, ಮರದ ಎರಡು ಹಲ್ಲು. ಡಾಕ್ಟರು ಅದರ ಹೊಟ್ಟೆ ಕೊಯ್ದು ಪುಟ್ಟ ಮೋಟಾರು ಇಟ್ಟು ಹೊಲಿದರು. ಗುಂಡಿ ಒತ್ತಿದರೆ ಮೊಲ 'ಗುಂಯ್' ಎಂದು ನಡುಗುತ್ತದೆ; ಅದನ್ನು ಮಗುವಿನ ಕೆನ್ನೆಗೆ ಆನಿಸುವುದು. ಕೋಣೆಗೆ ನೀಲಿ ದೀಪ, ಕಿಟಕಿಗೆ ದಪ್ಪ ಪರದೆ. ಇವೆಲ್ಲಕ್ಕೂ ಮಿಗಿಲಾದ ಬ್ರಹ್ಮಾಸ್ತ್ರ ಒಂದಿತ್ತು: ದನಿ! ಜೇನು ಸವರಿದ, ಎಳೆ ಎಳೆಯಾದ ಪಿಸುದನಿ. "ಬಾರಮ್ಮಾ ಪುಟಾಣೀ... ಮೊಲದ ಮರಿ ಮುತ್ತು ಕೊಡುತ್ತಂತೇ... ಬಾಯಿ ತೆಗೀತೀಯಾ..."

ಸೋಮವಾರದಿಂದ ಪ್ರಯೋಗ ಶುರುವಾಯಿತು. ಏನಾಶ್ಚರ್ಯ, ಒಂದು ಮಗುವೂ ಅಳಲಿಲ್ಲ! ನೀಲಿ ಬೆಳಕಿನಲ್ಲಿ ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು, ಮೊಲದ ಗಾಜುಗಣ್ಣನ್ನೇ ನೋಡುತ್ತ ಮಲಗಿರುತ್ತಿದ್ದವು. ಇಳಿಬಿದ್ದ ಅರ್ಧ ತುಟಿಯಲ್ಲಿ ಹೊರಬಂದು, ಯಾರೊಂದಿಗೂ ಮಾತಾಡದೆ, ಅಮ್ಮಂದಿರ ಸೆರಗು ಹಿಡಿದು ನಡೆದುಬಿಡುತ್ತಿದ್ದವು. ಹೊರಗೆ ಕಾಯುವವರ ಬೆಂಚು ಮಾತ್ರ ದಿನದಿನಕ್ಕೆ ಬಾಗಿಲಿಂದ ದೂರ ಸರಿಯತೊಡಗಿತು.

"ಅತ್ರೆ ಮಗು ಒಳಗಿದೆ ಅಂತ ಧೈರ್ಯ ಇರ್ತಿತ್ತು," ಎಂದು ಒಬ್ಬಾಕೆ ನರ್ಸಮ್ಮನ ಕಿವಿಯಲ್ಲಿ ಉಸುರಿದಳು. "ಇದೇನಮ್ಮಾ ಈ ನಿಶ್ಶಬ್ದ? ಒಳಗೆ ಗುಂಯ್‌ಗುಡ್ತಿರೋದು ಯಾರು?"

ಹೆದರಿ ಕಲ್ಲಾಗುವುದಕ್ಕೂ ನೋವಿಲ್ಲದೆ ಸುಮ್ಮನಿರುವುದಕ್ಕೂ ಇರುವ ಅಂತರ, ಗೆಲುವಿನ ಅಮಲಿನಲ್ಲಿದ್ದ ಡಾಕ್ಟರಿಗೆ ಹೊಳೆಯಲೇ ಇಲ್ಲ!

ಶುಕ್ರವಾರ ಸಂಜೆ ಮನೆಯಲ್ಲಿ ಕೊನೆಯ ತಾಲೀಮು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಜೆಲ್ ಎಷ್ಟು ಹೊತ್ತಿಗೆ ಹಿಡಿಯುತ್ತದೆ ನೋಡೋಣವೆಂದು ತಮ್ಮ ಒಸಡಿಗೇ ಧಾರಾಳವಾಗಿ ಬಳಿದುಕೊಂಡರು. ಅದು ತುಟಿಗೂ ಹರಡಿತು, ನಾಲಿಗೆಗೂ ಹರಡಿತು. ಮಾಸ್ಕು ಏರಿಸಿ, ಮೊಲವನ್ನು ಕೈಗೆತ್ತಿಕೊಂಡು, ಕನ್ನಡಿಯನ್ನೇ ಮಗುವೆಂದುಕೊಂಡು ಜೇನುದನಿಯಲ್ಲಿ ಕರೆಯತೊಡಗಿದರು.

ಅಡುಗೆಮನೆಯಲ್ಲಿ ಹೆಂಡತಿಯ ಸೆರಗನ್ನು ಯಾರೋ ಎಳೆದಂತಾಯಿತು. ಮೆಣಸು. ಮುಖ ಬಿಳಿಚಿಕೊಂಡಿತ್ತು.

"ಅಮ್ಮಾ," ಎಂದು ಪಿಸುಗುಟ್ಟಿದಳು. "ಬಚ್ಚಲಲ್ಲಿ ಅಪ್ಪನ ಜೊತೆ ಇನ್ಯಾರೋ ಇದ್ದಾರೆ."

ಹೆಂಡತಿ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ನಡುವೆ ಗುಂಯ್ ಎಂಬ ನಾದ. ನಾದದ ನಡುವೆ ಯಾರದ್ದೂ ಅಲ್ಲದ, ತೊದಲುವ, ಸಿಹಿಯಾದ ದನಿ: "ಬಾಲಮ್ಮಾ... ಬಾಯಿ ತೆಗೀತೀಯಾ..."

ಜಂಕ್ಷನ್ನಿನಲ್ಲಿ ಗಾಡಿಗಳು ಅಬ್ಬರಿಸಿದರೂ ಅಲುಗದ ಹೆಂಗಸಿನ ಕೈಯಿಂದ ಪಾತ್ರೆ ಜಾರಿತು. ಆ ಸದ್ದಿಗೆ ಬಾಗಿಲು ಕಿರ್ರೆಂದು ತೆರೆಯಿತು. ಮಬ್ಬಿನಲ್ಲಿ ಮಾಸ್ಕು, ಅದರ ಕೆಳಗೆ ಇಳಿಯುವ ಜೊಲ್ಲು, ಎದೆಯ ಮೇಲೆ ಹಲ್ಲು ಕಿರಿದು ನಡುಗುವ ಮೊಲ!

"ಅಯ್ಯೋ, ಯಾರೋ ನೀನು!" ಎಂದು ಅವಳು ಕೈಗೆ ಸಿಕ್ಕ ಪೊರಕೆಯನ್ನು ಬೀಸಿಯೇಬಿಟ್ಟಳು.

"ನಾನು ಕಣೇ! ನಿನ್ ಗಂಲ!"

ಗಂಡನ ಗುರುತು ಸಿಗುವ ಹೊತ್ತಿಗೆ ಇನ್ನೆರಡು ಏಟು ಬಿದ್ದಿದ್ದವು. ಮೆಣಸು ಮಾತ್ರ ಮಂಚದ ಕೆಳಗೆ ಸೇರಿದ್ದಳು.

ಶನಿವಾರ ಅವಳನ್ನು ಅಮ್ಮನೇ ಎತ್ತಿಕೊಂಡು ತಂದು ಕುರ್ಚಿಯಲ್ಲಿ ಕೂರಿಸಿದಳು. ನೀಲಿ ಬೆಳಕಿನಲ್ಲಿ ಇಕ್ಕಳ, ಕನ್ನಡಿ, ತಟ್ಟೆ ಎಲ್ಲವೂ ಕೆರೆಯ ತಳಕ್ಕೆ ಮುಳುಗಿದಂತೆ ಕಾಣುತ್ತಿದ್ದವು. ಡಾಕ್ಟರು ಬಾಗಿದರು.

"ಬಾರಮ್ಮಾ ಪುಟಾಣೀ..."

ಮೆಣಸು ಅಂಗೈಯನ್ನು ಕೂದಲೆಳೆಯಷ್ಟು ಸರಿಸಿ ಕೇಳಿದಳು: "ನೀವು ಯಾರು?"

"ಅಪ್ಪ ಕಣಮ್ಮಾ..." ಜೇನು ಇನ್ನಷ್ಟು ಸುರಿಯಿತು.

"ಅಲ್ಲ. ನಮ್ಮಪ್ಪ ಹೀಗೆ ಮಾತಾಡಲ್ಲ." ಅವಳು ಅಮ್ಮನ ಕಡೆ ತಿರುಗಿದಳು. "ಹೋದ್ಸಲ ಚುಚ್ಚಿದ್ದೂ ಇವರೇ ಅಮ್ಮಾ. ಅಪ್ಪನ ಒಳಗೆ ಇರ್ತಾರೆ. ಯಾವಾಗ ಹೊರಗೆ ಬರ್ತಾರೋ ಗೊತ್ತಾಗಲ್ಲ. ಅದಕ್ಕೇ ನಾನು ಬಾಯಿ ಮುಚ್ಕೊಳ್ಳೋದು."

ಡಾಕ್ಟರು ತಲೆಯೆತ್ತಿದರು. ದೀಪದ ಹೊಳೆಯುವ ಬಟ್ಟಲಿನಲ್ಲಿ ಮಾಸ್ಕು ತೊಟ್ಟ ಮುಖವೊಂದು ಸೊಟ್ಟಗೆ ತೇಲುತ್ತಿತ್ತು. ಒಂದು ಗಳಿಗೆ, ಅದು ಯಾರೆಂದು ಅವರಿಗೂ ಹೇಳಲಾಗಲಿಲ್ಲ.

ಅದೇ ಹೊತ್ತಿಗೆ, ಯಾರೂ ಮುಟ್ಟದ ಮೊಲ ತಟ್ಟೆಯ ಮೇಲೆ ತಾನೇ ತಾನಾಗಿ ಗುಂಯ್‌ಗುಟ್ಟಿತು. ಹಲ್ಲು ಕಟಕಟಿಸುತ್ತ ಅಂಚಿನ ಕಡೆಗೆ ತೆವಳತೊಡಗಿತು. ಡಾಕ್ಟರು ಗುಂಡಿ ಒತ್ತಿದರು. ನಿಲ್ಲಲಿಲ್ಲ. ನರ್ಸಮ್ಮ ಗೋಡೆಗೆ ಒರಗಿದಳು.

"ಸಾಕು ಈ ಭೂತದಾಟ!" ಹೆಂಡತಿ ಪರದೆಯನ್ನು ಸರ್ರನೆ ಎಳೆದಳು. ಹಗಲು ಧುಮುಕಿತು. ಮೊಲವನ್ನು ಕಿವಿ ಹಿಡಿದೆತ್ತಿ ಬ್ಯಾಟರಿ ಕಿತ್ತಳು. ಅದರ ಕತ್ತು ತೊಪ್ಪೆಂದು ವಾಲಿತು. ಆಮೇಲೆ ತಟ್ಟೆಯನ್ನೇ ದಿಟ್ಟಿಸಿದಳು.

"ಇದು ನನ್ನ ಬಟ್ಟೆ ಕತ್ತರಿ!"

"ಅದು... ಮೊಲದ ಹೊಟ್ಟೆ ಕೊಯ್ಯೋಕೆ..."

"ಮನೆಯೆಲ್ಲ ಹುಡುಕಿದೆ ಕಣ್ರೀ! ಮಂಗಳವಾರ ಊರಿಗೆ ಹೊರಟಿದ್ದ ನಿಮ್ಮಕ್ಕನ್ನ ಬಾಗಿಲಲ್ಲಿ ನಿಲ್ಲಿಸಿ ಚೀಲ ತಡಕಿದೆ! ಇನ್ನು ನಿಮ್ಮ ಹೊಸ್ತಿಲು ತುಳಿಯಲ್ಲ ಅಂತ ಹೋದ್ರು!"

ಡಾಕ್ಟರ ಗಂಟಲಲ್ಲಿದ್ದ ಜೇನೆಲ್ಲ ಒಂದೇ ಸಲಕ್ಕೆ ಆರಿಹೋಯಿತು. ಮಾಸ್ಕು ಗಲ್ಲಕ್ಕೆ ಜಾರಿತು. "ಅಕ್ಕ ಹೋದ್ಮೇಲೆ ನೆಮ್ಮದಿ ಆಯ್ತು ಅಂತ ನೀನೇ ಅಂದ್ಯಲ್ಲೇ!"

"ಅದು ಬೇರೆ ವಿಷಯ! ಕತ್ತರಿ ವಿಷಯ ಮಾತಾಡಿ!"

ಮೆಣಸಿನ ಕಣ್ಣು ಅರಳಿತು. ಇದು ಅಪ್ಪ! ಗೊರಗೊರ ದನಿಯ, ಮೂಗಿನ ಮೇಲೆ ಕೋಪದ, ತನ್ನದೇ ಅಪ್ಪ! ಅಂಗೈಗಳು ಮಡಿಲಿಗೆ ಇಳಿದವು. ಅಪ್ಪನ ಮುಖದಿಂದ ಅಮ್ಮನ ಮುಖಕ್ಕೆ, ಅಮ್ಮನಿಂದ ಅಪ್ಪನಿಗೆ ನೋಡುತ್ತ ನೋಡುತ್ತ ಬಾಯಿ ತಾನಾಗಿ ತೆರೆಯಿತು.

ತೆರೆದ ಬಾಯಿ ಕಂಡರೆ ಡಾಕ್ಟರ ಕೈ ಸುಮ್ಮನಿದ್ದೀತೇ? ಒಸಡು ಒರೆಸಿತು, ಜೆಲ್ ಹಚ್ಚಿತು. ಜಗಳ ಅಕ್ಕನಿಂದ ಅತ್ತೆಗೆ, ಅತ್ತೆಯಿಂದ ಮದುವೆಯ ಮಾತುಕತೆಗೆ ಹೋಗುವಷ್ಟರಲ್ಲಿ ಜೆಲ್ ಚೆನ್ನಾಗಿ ಹಿಡಿದಿತ್ತು. ಸಿಟ್ಟಿನ ಮುಷ್ಟಿಯೊಳಗೆ ಸಿಕ್ಕಿದ್ದ ಮದ್ದಿನ ಗಾಜುಕೊಳವೆ ಮೈಯಷ್ಟೇ ಬೆಚ್ಚಗಾಗಿತ್ತು. ನರ್ಸಮ್ಮ ಅದನ್ನು ಬಿಡಿಸಿಕೊಂಡು ಸಿರಿಂಜಿಗೆ ಸೇರಿಸಿ ಕೊಟ್ಟಳು. ಹೆಂಡತಿ ಉಸಿರು ತೆಗೆಯದೆ ಮಾತಾಡುವಾಗ ಗಂಡನಾದವನು ಹ್ಞೂಂ ಎನ್ನುತ್ತ ನಿಲ್ಲಬೇಕಲ್ಲವೇ? ಒಂದೊಂದು ಹ್ಞೂಂಗೆ ಕೆನ್ನೆಯನ್ನೊಮ್ಮೆ ಅಲುಗಿಸುತ್ತ, ಒಂದೊಂದು ಹನಿ ಬಿಡುತ್ತ, ಡಾಕ್ಟರು ಹೊರಗೆ ಬೈಸಿಕೊಳ್ಳುತ್ತಲೇ ಒಳಗೆ ಕೆಲಸ ಮುಗಿಸಿದರು.

"ಅಪ್ಪಾ," ಮೆಣಸು ಭುಜ ತಟ್ಟಿದಳು, "ಜಗಳ ಮುಗಿದ ಮೇಲೆ ಚುಚ್ತೀಯಾ?"

"ಚುಚ್ಚಿ ಆಯ್ತಲ್ಲೇ!"

ಡಾಕ್ಟರ ಕಣ್ಣು ಮಂಜಾಯಿತು. ಬಾಗಿ, ಹೆದರುತ್ತ ಹೆದರುತ್ತ, ಮಗಳ ಎಡಗೆನ್ನೆಗೆ ಮುತ್ತಿಟ್ಟರು. ಅಂಗೈ ಮೇಲೇಳಲಿಲ್ಲ.

"ಕೊಟ್ಯಾ?" ಎಂದಳು ಮೆಣಸು, ಸೊಟ್ಟ ತುಟಿಯಲ್ಲಿ. "ಈ ಕಡೆ ಗೊತ್ತೇ ಆಗ್ಲಿಲ್ಲ. ಆ ಕಡೆ ಕೊಡು."

ಸೋಮವಾರ ಡಾಕ್ಟರು ಎದೆಯುಬ್ಬಿಸಿ ಬಂದರು. ಮೊಲವಿಲ್ಲ, ನೀಲಿ ದೀಪವಿಲ್ಲ, ಜೇನಿಲ್ಲ. ಜೆಲ್ ಹಚ್ಚಿ ಕಾಯುವ ತಾಳ್ಮೆಯೂ ತಮ್ಮದೇ ದನಿಯೂ ಸಾಕೆಂದು ಹೊಸ ಪ್ರತಿಜ್ಞೆಯೇ ಆಗಿತ್ತು. ಹೊರಗೆ ಮಗುವನ್ನೆತ್ತಿಕೊಂಡ ತಂದೆಯೊಬ್ಬ ನರ್ಸಮ್ಮನನ್ನು ವಿಚಾರಿಸುತ್ತಿದ್ದ.

"ಡಾಕ್ಟ್ರು ಬಂದಿದ್ದಾರಾ?"

"ಬಂದಿದ್ದಾರೆ, ಕೂತ್ಕೊಳ್ಳಿ."

"ಅವರ ಮನೆಯವರು?"

"ಅವರಿಗೆ ಸ್ಟೇಷನ್ನಲ್ಲಿ ಡ್ಯೂಟಿ."

"ಹಾಗಾದ್ರೆ ಅಮ್ಮಾವ್ರು ಬೈಯೋಕೆ ಬರೋ ದಿನಾನೇ ಬರ್ತೀವಿ," ಎಂದು ಆತ ಚಪ್ಪಲಿ ಮೆಟ್ಟಿದ. "ಡಾಕ್ಟ್ರೊಬ್ಬರೇ ಇದ್ರೆ ಮಗುಗೆ ನೋವಾಗುತ್ತಂತೆ!"