ಮೂವತ್ತೊಂದಕ್ಕೆ ಬೊಟ್ಟಿಲ್ಲ

ಬಾಯಿ ಬಿಟ್ಟು ಸುಳ್ಳು ಹೇಳುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ. ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳಬೇಕು, ಅದಕ್ಕೆ ಜೋಡಿಯಾಗಿ ಇನ್ನೊಂದನ್ನು ಹೊಂದಿಸಬೇಕು, ಸಾಲದ್ದಕ್ಕೆ ಅದೇ ಮುಖ ಇಟ್ಟುಕೊಂಡು ಹೆಂಡತಿಯ ಎದುರು ಕೂತು ಉಣ್ಣಬೇಕು. ನನಗೆ ಈ ಯಾವ ತಾಪತ್ರಯವೂ ಇರಲಿಲ್ಲ. ನಾನು ಟಿಕ್ ಹಾಕುತ್ತಿದ್ದೆ. ತಾಂಡ್ಯದ ಕಾರ್ಖಾನೆಗಳಿಂದ ಮಾಲು ಸಾಗಿಸುವ ಒಂಬತ್ತು ಲಾರಿಗಳ ಶೆಡ್ಡಿಗೆ ನಾನು ಮೇಂಟೆನೆನ್ಸ್ ಇನ್‌ಚಾರ್ಜು. ಹಾಗೆಂದ ಮಾತ್ರಕ್ಕೆ ನನಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆ ಅಂದುಕೊಳ್ಳಬೇಡಿ. ನರಸೀಪುರದ ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆದುಕೊಂಡಿದ್ದವನನ್ನು ಮಾಲೀಕರು ಅಕ್ಷರ ನೋಡಿ ಕರೆತಂದರು. ನನ್ನ ಅಕ್ಷರ ದುಂಡಗೆ ಮುತ್ತು ಪೋಣಿಸಿದ ಹಾಗಿದೆ, ಅದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ. ಅಕ್ಷರ ಚೆನ್ನಾಗಿದ್ದರೆ ರಿಜಿಸ್ಟರು ಚೆನ್ನಾಗಿರುತ್ತದೆ, ರಿಜಿಸ್ಟರು ಚೆನ್ನಾಗಿದ್ದರೆ ಲಾರಿಯೂ ಚೆನ್ನಾಗಿರುತ್ತದೆ ಎನ್ನುವುದು ಮಾಲೀಕರ ನಂಬಿಕೆ. ಅವರ ನಂಬಿಕೆಗೆ ನಾನು ಯಾವತ್ತೂ ಭಂಗ ತಂದಿರಲಿಲ್ಲ.

ಲಾರಿಗಳನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದವನು ಮಾದಯ್ಯ, ಬದನವಾಳಿನವನು. ಅರವತ್ತು ದಾಟಿದ್ದರೂ ಲಾರಿಯ ಕೆಳಗೆ ನುಸುಳಿದರೆ ಉಡದ ಹಾಗೆ ಹರಿದಾಡುತ್ತಿದ್ದ. ಏರ್ ಬ್ರೇಕ್ ಎಂದರೇನೆಂದು ನನಗೆ ತಿಳಿದದ್ದೂ ಅವನಿಂದಲೇ. ಡ್ರೈವರು ಪೆಡಲ್ ಒತ್ತಿದರೆ ಟ್ಯಾಂಕಿನ ಗಾಳಿ ಪ್ರತಿ ಚಕ್ರದ ಹತ್ತಿರ ಇರುವ ಒಂದು ಡಬ್ಬಿಗೆ ನುಗ್ಗುತ್ತದೆ. ಡಬ್ಬಿಯಿಂದ ಒಂದು ಕಂಬಿ ಹೊರಕ್ಕೆ ಬಂದು ಒಂದು ಹಿಡಿಯನ್ನು ನೂಕುತ್ತದೆ, ಆ ಹಿಡಿ ತಿರುಗಿ ಬ್ರೇಕು ಕಚ್ಚುತ್ತದೆ. ಕಾಲು ತೆಗೆದರೆ ಗಾಳಿ ಉಸ್ಸೆಂದು ಹೊರಗೆ. ಆ ಹಿಡಿಗೆ ಶೆಡ್ಡಿನವರು ಸ್ಲಾಕ್ ಅನ್ನುತ್ತಾರೆ. ಒಳಗಿನ ಲೈನಿಂಗ್ ಸವೆದಂತೆಲ್ಲ ಅದು ತಾನೇ ತಾನಾಗಿ ಬಿಗಿಯಾಗುತ್ತ ಹೋಗಬೇಕು. ಅದಕ್ಕೆ ಗ್ರೀಸು ಬೇಕು. ಗ್ರೀಸು ಒಣಗಿತೋ, ಹಿಡಿ ಮುನಿಸಿಕೊಂಡು ಕೂತುಬಿಡುತ್ತದೆ, ಕಂಬಿ ಎಷ್ಟು ಹೊರಗೆ ಬಂದರೂ ಬ್ರೇಕು ಕಚ್ಚುವುದಿಲ್ಲ.

ಮಾದಯ್ಯನ ಬಳಿ ಅಳತೆಪಟ್ಟಿ ಇರಲಿಲ್ಲ. ಸೋಮವಾರ ಸೋಮವಾರ ಅವನು ಲಾರಿ ಕೆಳಗೆ ಮಲಗಿ ಸಣ್ಣ ಸುತ್ತಿಗೆಯಿಂದ ಟೊಕ್ ಟೊಕ್ ಎಂದು ಬಡಿದು ಕಿವಿಗೊಡುತ್ತಿದ್ದ. ಸ್ಲಾಕಿಗೆ ಗ್ರೀಸು ತುಂಬುವ ನಿಪ್ಪಲ್ಲಿನ ಮೂತಿ ಒರೆಸಿ, ಹಳೆಯ ಕಪ್ಪು ಗ್ರೀಸು ಹೊರಬಿದ್ದು ಹೊಸದು ಇಣುಕುವವರೆಗೂ ಗನ್ನು ಒತ್ತುತ್ತಿದ್ದ. ಆಮೇಲೆ ಕಂಬಿ ಡಬ್ಬಿಯೊಳಗೆ ಹೋಗುವ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಬ್ರೇಕು ಒತ್ತಿಸಿ, ಗೆರೆ ಎಷ್ಟು ದೂರ ಹೊರಗೆ ಬಂತೆಂದು ತನ್ನ ಬೆಂಕಿಪೊಟ್ಟಣ ಹಿಡಿದು ನೋಡುತ್ತಿದ್ದ. "ಬೆಂಕಿಪೊಟ್ಣ ದಾಟುದ್ರೆ ಗಾಡಿ ಗೇಟ್ ದಾಟ್‌ಕೂಡ್ದು ಸಾ" ಎನ್ನುವುದು ಅವನ ಕಾನೂನು. ಎಲ್ಲ ಸರಿಯಿದ್ದರೆ ಕಿರುಬೆರಳಲ್ಲಿ ಒಂಚೂರು ಗ್ರೀಸು ತೆಗೆದು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ, ಹಿಂದಿನ ನಂಬರ್ ಪ್ಲೇಟಿನ ಮೂಲೆಗೆ ಕಪ್ಪನೆಯ ಬೊಟ್ಟಿಡುತ್ತಿದ್ದ. ಡ್ರೈವರುಗಳು ನನ್ನ ರಿಜಿಸ್ಟರನ್ನು ಓದಿದ್ದು ನಾನು ಕಂಡಿಲ್ಲ. ಬೊಟ್ಟು ನೋಡಿ ಗಾಡಿ ಹತ್ತುತ್ತಿದ್ದರು. ನನ್ನ ಮುತ್ತಿನಂಥ ಅಕ್ಷರಕ್ಕೆ ಇದರಿಂದ ಸ್ವಲ್ಪ ನೋವಾಗುತ್ತಿತ್ತು. ಒಂದು ದಿನ ಕೇಳಿಯೂ ಬಿಟ್ಟೆ, ಅಲ್ಲಾ ಮಾದಯ್ಯ, ಇಂಜಿನ್ನು ಬಿಟ್ಟು ಈ ಬ್ರೇಕಿಗೇಕೆ ಇಷ್ಟೊಂದು ಉಪಚಾರ ಎಂದು. "ಗಾಡಿ ಓಡ್ಸೋದು ಇಂಜಿನ್ನು ಸಾ, ಮನೆಗ್ ಕರ್ಕಬರೋದು ಬ್ರೇಕು" ಅಂದ.

ಆಷಾಢದಲ್ಲಿ ಮಾದಯ್ಯ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಮಣ್ಣಿಗೆ ಹೋದಾಗ ಅವನ ಹೆಂಡತಿ ಸುತ್ತಿಗೆ, ಸೀಮೆಸುಣ್ಣ, ಬೆಂಕಿಪೊಟ್ಟಣ ಇದ್ದ ತಗಡಿನ ಡಬ್ಬಿಯನ್ನು ನನ್ನ ಕೈಗಿಟ್ಟು, "ನೀವೇ ನೋಡ್ಕಳಿ ಸ್ವಾಮಿ" ಅಂದಳು. ಅಷ್ಟು ಜನರ ಮುಂದೆ ಆಗಲಿ ಅಂದೆ. ಹೊಸಬ ಸಿಗುವವರೆಗೆ ನಾನೇ ಮಾಡುತ್ತೇನೆಂದು ಮಾಲೀಕರಿಗೂ ಹೇಳಿದೆ. ಮೊದಲ ಸೋಮವಾರ ಇಳಿದೆ. ನನ್ನ ಹೊಟ್ಟೆ ಲಾರಿಗೂ ನೆಲಕ್ಕೂ ನಡುವೆ ಸಿಕ್ಕಿಕೊಂಡು, ಇಬ್ಬರು ಕಾಲು ಹಿಡಿದು ಎಳೆಯಬೇಕಾಯಿತು. ಎರಡನೆಯ ಸೋಮವಾರ ಪಕ್ಕದಲ್ಲಿ ನಿಂತು ನೋಡಿದೆ. ಮೂರನೆಯ ಸೋಮವಾರದಿಂದ ಕುರ್ಚಿಯಲ್ಲಿ ಕೂತೇ ನೋಡುವುದು ಅಭ್ಯಾಸವಾಯಿತು. ರಿಜಿಸ್ಟರಿನಲ್ಲಿ ಮಾತ್ರ ಗ್ರೀಸು ಟಿಕ್, ಕಂಬಿ ಟಿಕ್, ಗಾಳಿ ಟ್ಯಾಂಕಿನಲ್ಲಿ ಕೂತ ನೀರು ಬಿಟ್ಟದ್ದು ಟಿಕ್, ಒಂದೂ ತಪ್ಪಲಿಲ್ಲ.

ಹೀಗೆ ನಡೆಯುತ್ತಿರುವಾಗ ಒಂದು ಸೋಮವಾರ ಊಟದ ಹೊತ್ತಿನಲ್ಲಿ ನನಗೆ ಆ ಸದ್ದು ಕೇಳಿಸಿತು. ಎಲ್ಲರೂ ಗೇಟಿನಾಚೆಯ ಹೋಟೆಲಿಗೆ ಹೋಗಿದ್ದರು. ನಾನೊಬ್ಬನೇ ಕೋಣೆಯಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಟೊಕ್. ಸ್ವಲ್ಪ ಬಿಟ್ಟು ಇನ್ನೊಂದು ಟೊಕ್. ಮಾದಯ್ಯ ಬಡಿದು ಕಿವಿಗೊಡುತ್ತಿದ್ದಷ್ಟೇ ಅಂತರ. ಆಮೇಲೆ ಸಾಲಾಗಿ ನಿಂತಿದ್ದ ಲಾರಿಗಳಲ್ಲಿ ಯಾವುದೋ ಒಂದು ಉಸ್ಸೆಂದು ಉಸಿರು ಬಿಟ್ಟಿತು. ಕಾಲು ತೆಗೆದರೆ ಬರುವ ಉಸಿರು ಅದು. ಕಾಲು ಯಾರದು? ದೆವ್ವಗಳಿಗೆ ಅಮಾವಾಸ್ಯೆಯೇ ಆಗಬೇಕೆಂದಿಲ್ಲ, ಮಟಮಟ ಮಧ್ಯಾಹ್ನವೂ ಆಗುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ಬಾಯಲ್ಲಿದ್ದ ಅನ್ನ ಅಲ್ಲೇ ನಿಂತಿತು. ಧೈರ್ಯ ಮಾಡಿ ಹೊರಗೆ ಬಂದು "ಯಾರ್ರೀ ಅದು" ಅಂದೆ. ಒಂದು ನರಪಿಳ್ಳೆಯೂ ಕಾಣಲಿಲ್ಲ. ಬಗ್ಗಿ ನೋಡಿದ್ದರೆ ಏನಾದರೂ ಕಾಣುತ್ತಿತ್ತೋ ಏನೋ, ಆದರೆ ಬಗ್ಗುವವನೇ ಆಗಿದ್ದರೆ ನಾನು ಈ ಕಥೆ ಹೇಳುವ ಗತಿಯೇ ಬರುತ್ತಿರಲಿಲ್ಲ. ವಾಪಸು ಬರುವಾಗ ಒಂದು ನಂಬರ್ ಪ್ಲೇಟಿನ ಮೂಲೆ ಕಣ್ಣಿಗೆ ಬಿತ್ತು. ಬೊಟ್ಟು. ಮುಟ್ಟಿದರೆ ಬೆರಳಿಗೆ ಹತ್ತಿತು, ಇನ್ನೂ ಹಸಿ.

ಮನೆಯಲ್ಲಿ ಸರೋಜಳಿಗೆ ಹೇಳಿದೆ. ಅವಳು ಸೋಮನಾಥಪುರದವಳು, ಕಲ್ಲು ಕೂಡ ಕಣ್ಣು ಬಿಟ್ಟು ನೋಡುವ ಊರಿನಲ್ಲಿ ಬೆಳೆದವಳು, ಸುಮ್ಮಸುಮ್ಮನೆ ಹೆದರುವುದಿಲ್ಲ. ಹುರುಳಿಕಾಳು ಆರಿಸುತ್ತಲೇ, "ಸತ್ತೋರು ಸುಮ್ನೆ ಬರಲ್ಲ ಕಣ್ರೀ, ಕೆಲ್ಸ ಬಾಕಿ ಇದ್ರೆ ಬತ್ತಾರೆ. ನೀವೇನಾದ್ರೂ ಬಾಕಿ ಮಡಗಿದ್ದೀರಾ?" ಎಂದಳು. ಇಲ್ಲವಲ್ಲ, ಎಲ್ಲಾ ಟಿಕ್ ಹಾಕಿದ್ದೇನೆ ಅಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಆ ಮುದುಕನಿಗೆ ಏನಿಷ್ಟವೋ ಅದನ್ನ ಎಡೆ ಇಡಿ" ಎಂದಳು. ಮುಂದಿನ ಸೋಮವಾರ ಒಂದು ಲೋಟ ಟೀ, ಎರಡು ಬೀಡಿ ತಂದು ಲಾರಿಗಳ ಪಕ್ಕದ ಬೆಂಚಿನ ಮೇಲಿಟ್ಟು, ಕೈ ಮುಗಿದು ಕೋಣೆಗೆ ಬಂದು ಚಿಲಕ ಹಾಕಿಕೊಂಡೆ. ಟೊಕ್ ಟೊಕ್, ಉಸ್. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಲೋಟ ಖಾಲಿ, ಬೀಡಿ ಇಲ್ಲ. ಆವತ್ತು ನರಸೀಪುರದವರೆಗೂ ಬೈಕಿನ ಹಿಂದಿನ ಸೀಟಿನ ಕಡೆ ತಿರುಗಿ ನೋಡಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಹೆದರಿಕೆಯ ಒಳಗೇ ನನಗೊಂದು ನೆಮ್ಮದಿಯೂ ಆಗಿತ್ತು. ಕೆಲಸ ನಡೆಯುತ್ತಿದೆಯಲ್ಲ, ಯಾರು ಮಾಡಿದರೇನು? ಸಂಬಳ ಕೇಳದ, ರಜೆ ಹಾಕದ ಮೆಕ್ಯಾನಿಕ್ಕು ಯಾವ ಶೆಡ್ಡಿಗೆ ಸಿಗುತ್ತಾನೆ? ವಾರಕ್ಕೊಂದು ಟೀ, ಎರಡು ಬೀಡಿ. ನಾನು ಮತ್ತಷ್ಟು ದುಂಡಗೆ ಟಿಕ್ ಹಾಕತೊಡಗಿದೆ.

ದೀಪಾವಳಿ ಕಳೆದು ಒಂದು ತಿಂಗಳಿಗೆ ಸಿದ್ದರಾಜು ರಜೆ ಮುಗಿಸಿ ಬಂದ. ಇವನು ಮೂವತ್ತೊಂದರ, ಅಂದರೆ ನಂಬರ್ ಪ್ಲೇಟು ಮೂವತ್ತೊಂದಕ್ಕೆ ಮುಗಿಯುವ ಲಾರಿಯ ಡ್ರೈವರು. ಹೆಂಡತಿಯ ಬಾಣಂತನಕ್ಕೆಂದು ಆಯುಧಪೂಜೆಯ ಮಾರನೆಯ ದಿನವೇ ಹೋಗಿದ್ದ. ಅಷ್ಟು ದಿನ ಮೂವತ್ತೊಂದನ್ನು ಬದಲಿ ಡ್ರೈವರೊಬ್ಬ ಓಡಿಸಿದ್ದ. ಆವತ್ತೂ ಸೋಮವಾರವೇ. ಲಾರಿಗೆ ಭರ್ತಿ ಲೋಡು ಬಿದ್ದಿತ್ತು, ಮಧ್ಯಾಹ್ನ ಹೊರಟು ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಹೋಗಬೇಕು. ಆ ಘಾಟಿಯ ತಿರುವುಗಳಲ್ಲಿ ಖಾಲಿ ಗಾಡಿ ಇಳಿಸುವುದೇ ಕಷ್ಟ. ಸಿದ್ದರಾಜು ನನಗೆ ಪೇಡ ಕೊಟ್ಟ, ಹೆಣ್ಣುಮಗು ಅಂದ, ಇನ್ನೂ ಹೆಸರಿಟ್ಟಿಲ್ಲ ಅಂದ. ಗಾಡಿಯ ಹಿಂದೆ ಹೋದವನು ಹಾಗೇ ತಿರುಗಿ ಬಂದ.

"ಸಾ, ಮೂವತ್ತೊಂದಕ್ಕೆ ಬೊಟ್ಟಿಲ್ಲ."

ಹೋಗಿ ನೋಡಿದೆ. ಎಂಟು ಲಾರಿಗಳಿಗೂ ಬೊಟ್ಟಿತ್ತು. ಮೂವತ್ತೊಂದರ ಮೂಲೆ ಬೋಳಾಗಿತ್ತು. ರಿಜಿಸ್ಟರಿನಲ್ಲಿ ಒಂಬತ್ತಕ್ಕೂ ನನ್ನ ಟಿಕ್ಕು, ಬೆಳಿಗ್ಗೆಯೇ ಹಾಕಿದ್ದು. "ನಾನು ನೋಡಿದ್ದೀನಿ, ಹೊರಡಪ್ಪ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸತ್ಯವಾಗಿ ಬಂದಿತ್ತು. ಅಷ್ಟರಲ್ಲಿ ಆ ಎಂಟು ಬೊಟ್ಟುಗಳತ್ತ ಇನ್ನೊಮ್ಮೆ ನೋಡಿದೆ. ಮಾದಯ್ಯ ಎಂಟಕ್ಕೆ ಇಟ್ಟು ಇದೊಂದಕ್ಕೆ ಇಡಲಿಲ್ಲ ಎಂದರೆ ಏನರ್ಥ? ನನಗೆ ಕರ್ತವ್ಯಪ್ರಜ್ಞೆ ಬಂತೆಂದು ತಿಳಿಯಬೇಡಿ, ದೆವ್ವದ ತೀರ್ಮಾನಕ್ಕೆ ಎದುರಾಡುವ ಧೈರ್ಯ ಬರಲಿಲ್ಲ, ಅಷ್ಟೇ. ತಗಡಿನ ಡಬ್ಬಿ ತಂದೆ. ಚಕ್ರಕ್ಕೆ ಕಲ್ಲು ಕೊಡಿಸಿ, ಸಿದ್ದರಾಜುವನ್ನು ಪೆಡಲು ಒತ್ತಲು ಮೇಲೆ ಕೂರಿಸಿ, ಶರಟು ಬಿಚ್ಚಿಟ್ಟು ಹಿಂದಿನ ಎಡಚಕ್ರದ ಹತ್ತಿರ ಒಳಗೆ ನುಸುಳಿದೆ.

ಒಳಗೆ ತಣ್ಣಗಿತ್ತು. ಶೆಡ್ಡಿನ ಸದ್ದೆಲ್ಲ ಬಾವಿಯಾಚೆಯಿಂದ ಬಂದ ಹಾಗೆ ಕೇಳಿಸುತ್ತಿತ್ತು. ಎಲ್ಲಿಂದಲೋ ಬೀಡಿಯ ವಾಸನೆ. ಸಿದ್ದರಾಜು ಬೀಡಿ ಸೇದುವವನಲ್ಲ. ಟಾರ್ಚು ಬಿಟ್ಟು ಗೆರೆ ಎಳೆಯೋಣವೆಂದು ಸೀಮೆಸುಣ್ಣ ಎತ್ತಿದೆ. ಕಂಬಿಯ ಮೇಲೆಲ್ಲ ನಿನ್ನೆಯ ದಾರಿಯ ಕೆಸರು ಒಣಗಿ ಹತ್ತಿಕೊಂಡಿತ್ತು. ಆ ಕೆಸರಿನ ಮೇಲೆ, ಕಂಬಿ ಡಬ್ಬಿಯೊಳಗೆ ಹೋಗುವ ಜಾಗದಲ್ಲೇ, ಬಿಳಿಯ ಗೆರೆಯೊಂದು ಆಗಲೇ ಇತ್ತು. ಓಡಿಹೋಗೋಣವೆಂದರೆ ಹೊಟ್ಟೆ ಬಿಡಬೇಕಲ್ಲ. "ಒತ್ತಪ್ಪಾ" ಎಂದು ಕೂಗಿದೆ. ಗೆರೆ ನನ್ನ ಕಡೆಗೆ ನಡೆದು ಬಂತು. ಬೆಂಕಿಪೊಟ್ಟಣ ಹಿಡಿದೆ. ಪೊಟ್ಟಣ ಮುಗಿಯಿತು, ಗೆರೆ ಇನ್ನೂ ಮುಂದಿತ್ತು.

ಸ್ಲಾಕಿನ ನಿಪ್ಪಲ್ಲು ನೋಡಿದೆ. ಅದು ನಿಪ್ಪಲ್ಲಿನ ಹಾಗೆ ಕಾಣಲೇ ಇಲ್ಲ. ಅದರ ಮೂತಿಯ ಮೇಲೆ ಬಣ್ಣ ಮೆತ್ತಿ ಗಟ್ಟಿಯಾಗಿ ಕೂತಿತ್ತು, ಒಂದು ಹನಿ ಗ್ರೀಸು ಒಳಗೆ ಹೋಗುವ ಹಾಗಿರಲಿಲ್ಲ. ಆಯುಧಪೂಜೆಗೆ ಲಾರಿಗಳಿಗೆಲ್ಲ ಬಣ್ಣ ಹೊಡೆಸಿದವನು ನಾನು. ಪೂಜೆಯ ಹೊತ್ತಿಗೆ ಮಾಲೀಕರ ಕಣ್ಣಿಗೆ ತುಕ್ಕು ಬೀಳಬಾರದೆಂದು ಬಣ್ಣದವರ ಬೆನ್ನಿಗೆ ನಿಂತು, "ಕೆಳಗೂ ಹೊಡೀರಿ, ಒಂದಂಗುಲವೂ ಬಿಡಬೇಡಿ" ಎಂದಿದ್ದವನೂ ನಾನೇ. ಅವರು ಒಂದಂಗುಲವೂ ಬಿಟ್ಟಿರಲಿಲ್ಲ. ಅದಾದ ಮೇಲೆ ಎಷ್ಟು ಸೋಮವಾರ ಗ್ರೀಸು ಟಿಕ್ ಹಾಕಿದ್ದೆನೆಂದು ಅಲ್ಲೇ ಮಲಗಿ ಎಣಿಸಲು ಹೋದೆ, ಆಗಲಿಲ್ಲ. ಇನ್ನೂ ಹೆಸರಿಡದ ಆ ಕೂಸೇ ಕಣ್ಣ ಮುಂದೆ ಬರುತ್ತಿತ್ತು. ನನಗೆ ಅಳು ಬಂತು. ಲಾರಿಯ ಕೆಳಗೆ ಅಂಗಾತ ಮಲಗಿ ಅತ್ತರೆ ಕಣ್ಣೀರು ಕಿವಿಯೊಳಗೆ ಹೋಗುತ್ತದೆ.

ಗಾಡಿ ಅಂದು ಹೊರಡಲಿಲ್ಲ. ಲೋಡು ಬೇರೆ ಲಾರಿಗೆ ಹೋಯಿತು, ಮಾಲೀಕರು ನನಗೆ ಸಹಸ್ರನಾಮ ಮಾಡಿದರು. ಸಂಜೆ ಸಿದ್ದರಾಜು ನಾನು ಕುಳಿತಿದ್ದ ಬೆಂಚಿಗೆ ಬಂದು ಕೂತ. ನಾನು ಸದ್ದಿನ ವಿಷಯ, ಎಡೆಯ ವಿಷಯ ಎಲ್ಲ ಹೇಳಿಕೊಂಡೆ. ಅವನು ತಲೆ ತಗ್ಗಿಸಿಕೊಂಡೇ ಕೇಳಿ, ನಿಧಾನವಾಗಿ ಬಾಯಿ ಬಿಟ್ಟ. "ಅದು ನಾವೇ ಸಾ. ಅಜ್ಜ ಹೋದ್ಮೇಲೆ ಅವರವರ ಗಾಡಿ ಅವರವರೇ ಊಟದೊತ್ನಲ್ಲಿ ನೋಡ್ಕತಿದ್ವಿ. ಪೆಡ್ಲಿಗೆ ಬಿದಿರು ಕೋಲು ಸಿಗಿಸಿ ನೋಡೋದು. ನಿಮಗೆ ಗೊತ್ತಾದ್ರೆ ಬೇಜಾರಾಯ್ತದೆ ಅಂತ ಕದ್ದು ಮಾಡ್ತಿದ್ವಿ. ನಾನು ರಜ ಹೋದೆ, ಆ ಬದಲಿಯೋನ್ಗೆ ಇದೆಲ್ಲ ಗೊತ್ತಿಲ್ಲ. ಟೀ ಕುಡಿದೋನು ನಮ್ಮ ಡ್ರೈವರ್ ಬಸವಣ್ಣ. ಸಕ್ಕರೆ ಒಂಚೂರು ಕಮ್ಮಿ ಅಂತಿದ್ದ."

ನಾನು ಪೆಚ್ಚಾಗಿ ನಕ್ಕೆ. ಅಂತೂ ಶೆಡ್ಡಿನಲ್ಲಿ ದೆವ್ವ ಇಲ್ಲ ಅನ್ನು ಅಂದೆ.

"ದೆವ್ವ ಅದೆ ಸಾ," ಅಂದ ಸಿದ್ದರಾಜು. "ನಾವೂ ಅದ್ನೇ ಮಾತಾಡ್ಕತಿದ್ವಿ. ನಾವು ಇಳಿಯಕ್ ಮುಂಚೆ ಒಬ್ಬ ನರಮನುಷ್ಯನೂ ಗಾಡಿ ಕೆಳೀಕೆ ಇಳಿದಿರಕಿಲ್ಲ, ಆದ್ರೂ ಪುಸ್ತಕದಲ್ಲಿ ಗ್ರೀಸು ಹೊಡ್ದಾಗಿರ್ತದೆ. ದೆವ್ವ ಅಲ್ದೆ ಇನ್ಯಾರು ಹೊಡೀತಾರೆ?"

ಅವನು ತಮಾಷೆಗೆ ಹೇಳಲಿಲ್ಲ, ಬೈಯಲೂ ಇಲ್ಲ. ಹಾಗಾದರೆ ಮೂವತ್ತೊಂದರ ಗೆರೆ ಎಳೆದವನು ಯಾರು ಎಂದು ಕೇಳಿದೆ. ಸಿದ್ದರಾಜು ಬೆಳಿಗ್ಗೆ ತಾನೇ ಬಸ್ಸಿಳಿದಿದ್ದ. ಮಿಕ್ಕ ಡ್ರೈವರುಗಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿದೆವು. ಇನ್ನೊಬ್ಬನ ಗಾಡಿಗೆ ನಾವ್ಯಾಕೆ ಕೈ ಹಾಕಾನ ಸಾ ಎಂದರು ಎಲ್ಲರೂ. ಬದಲಿ ಡ್ರೈವರಿಗೆ ಫೋನು ಮಾಡಿದರೆ, ಯಾವ ಗೆರೆ ಅಂದ. ಆಮೇಲೆ ಬೆಂಚಿನ ಮೇಲೆ ಕೂತಿದ್ದವರು ಒಬ್ಬೊಬ್ಬರೇ ಎದ್ದು ಬೆಳಕಿನ ಕಡೆಗೆ ಹೋದೆವು.

ಅಂದಿನಿಂದ ಪ್ರತಿ ಸೋಮವಾರ ಒಂಬತ್ತಕ್ಕೂ ನಾನೇ ಇಳಿಯುತ್ತೇನೆ. ಮೂವತ್ತೊಂದರ ನಿಪ್ಪಲ್ಲುಗಳ ಬಣ್ಣವನ್ನೆಲ್ಲ ಕೆರೆದು ತೆಗೆದಿದ್ದೇನೆ. ಸರೋಜ ಒಂದು ಹಳೆಯ ಅಂಗಿಯನ್ನು ಬೇರೆ ಮೊಳೆಗೆ ತೂಗುಹಾಕಿದ್ದಾಳೆ, ಹೊಟ್ಟೆಯೂ ಎರಡು ಬೆರಳು ಒಳಕ್ಕೆ ಹೋಗಿದೆ. ಸಿದ್ದರಾಜು ಮಗಳಿಗೆ ಗೌರಿ ಎಂದು ಹೆಸರಿಟ್ಟ, ದಿಂಬಂ ಇಳಿದು ಹತ್ತಿ ಇಳಿದು ಹತ್ತಿ ಬರುತ್ತಿದ್ದಾನೆ. ಡ್ರೈವರುಗಳು ಊಟದ ಹೊತ್ತಿನಲ್ಲಿ ಈಗ ಹೋಟೆಲಿಗೇ ಹೋಗುತ್ತಾರೆ. ಶೆಡ್ಡಿನಲ್ಲಿ ಟೊಕ್ ಇಲ್ಲ, ಉಸ್ ಇಲ್ಲ, ಬೀಡಿಯ ವಾಸನೆಯೂ ಇಲ್ಲ. ಮೂವತ್ತೊಂದರ ಕೆಳಗೆ ಹೋದಾಗಲೆಲ್ಲ ಮೊದಲು ಟಾರ್ಚು ಬಿಟ್ಟು ಕಂಬಿಯನ್ನು ನೋಡುತ್ತೇನೆ. ಗೆರೆ ಇರುವುದಿಲ್ಲ. ನಾನೇ ಎಳೆಯಬೇಕು. ಮಾದಯ್ಯ ಬರುತ್ತಿದ್ದಾನೆಂದು ತಿಳಿದಾಗಲೂ ನಾನು ಇಷ್ಟು ಹೆದರಿರಲಿಲ್ಲ. ನನ್ನಂಥವನನ್ನು ನಂಬಿ ಅವನು ಬರುವುದನ್ನೇ ಬಿಟ್ಟುಬಿಟ್ಟನಲ್ಲ, ಅದನ್ನು ನೆನೆದರೆ ಬೊಟ್ಟಿಡುವ ಕಿರುಬೆರಳು ನಡುಗುತ್ತದೆ. ಅದಕ್ಕೇ ನಮ್ಮ ಒಂಬತ್ತು ಲಾರಿಗಳಲ್ಲಿ ಒಂದರ ಬೊಟ್ಟೂ ದುಂಡಗಿರುವುದಿಲ್ಲ.